ಗಣಪತಿ ಬರುವ ಮೊದಲು ನಾವೇ ಮನೆಗೆ ಬಣ್ಣ ಬಳಿಯಬಹುದೇ?

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ, 1996ರಲ್ಲಿ ಕಟ್ಟಿದ ಕಟ್ಟಡದ ಎರಡನೇ ಮಹಡಿಯಲ್ಲಿದ್ದೇವೆ. ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ಬಣ್ಣ ಬಳಿಸಿ ಏಳು ವರ್ಷವಾಯಿತು. ಹಾಲ್‌ನ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಕೆಳಗೆ, ಬಣ್ಣ ಹಕ್ಕಳೆ ಎದ್ದು ಬಿಳಿ ಪುಡಿ ಉದುರುತ್ತಿದೆ. ಉಳಿದ ಗೋಡೆಗಳು ಮಾಸಿವೆಯೇ ಹೊರತು ಚೆನ್ನಾಗಿವೆ. ನಮ್ಮ ಮನೆಯಲ್ಲಿ ಗಣಪತಿ ಕೂರಿಸುತ್ತೇವೆ, ಅಷ್ಟರೊಳಗೆ ಬಣ್ಣ ಆಗಬೇಕೆಂಬ ಆಸೆ. ಪೇಂಟರ್ ಹೇಳಿದ ಮೊತ್ತ ನಮಗೆ ಮೀರಿದ್ದು. ಕಾಲೇಜಿಗೆ ಹೋಗುವ ಮಗ ‘ನಾವೇ ಬಳಿಯೋಣ ಅಮ್ಮ’ ಎನ್ನುತ್ತಾನೆ, ಆದರೆ ನಾವಿಬ್ಬರೂ ಬ್ರಶ್ ಹಿಡಿದವರಲ್ಲ. ಹಾರ್ಡ್‌ವೇರ್ ಅಂಗಡಿಯವರು 40 ಕಿಲೋದ ಪುಟ್ಟಿ ಚೀಲ, ವಾಟರ್‌ಪ್ರೂಫ್ ಡಬ್ಬಿ ಮತ್ತು ದುಬಾರಿಯ ಹೊಳಪಿನ ಪೇಂಟ್ ತೆಗೆದುಕೊಳ್ಳಿ ಎಂದರು. ಮಗ ಆನ್‌ಲೈನ್‌ನಲ್ಲಿ ಸ್ಪ್ರೇ ಮಶೀನ್ ನೋಡಿಟ್ಟಿದ್ದಾನೆ. ಅತ್ತೆಯವರು ಕೆಳಗಿನ ನಾಲ್ಕು ಅಡಿ ಆಯಿಲ್ ಪೇಂಟ್ ಬಳಿದರೆ ಗೋಡೆ ಗಟ್ಟಿ ಎನ್ನುತ್ತಾರೆ. ಅವರಿಗೆ ದಮ್ಮಿನ ತೊಂದರೆಯೂ ಇದೆ. ಯಾರ ಮಾತು ಕೇಳಬೇಕು, ಏನೇನು ಕೊಳ್ಳಬೇಕು?

ಉತ್ತರ: ನಿಮ್ಮ ಪತ್ರ ಮೇ ತಿಂಗಳ ನಡುವಿನಲ್ಲಿ ಬಂದಿದೆ ಎಂಬುದು ಒಳ್ಳೆಯ ಸಂಗತಿ, ಏಕೆಂದರೆ ಇದೇ ಪ್ರಶ್ನೆಯನ್ನು ಜುಲೈಯಲ್ಲಿ ಕೇಳುವವರೇ ಹೆಚ್ಚು ಮತ್ತು ಆಗ ಕೊಡಬಹುದಾದ ಉತ್ತರ ತೀರಾ ಚಿಕ್ಕದು. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಮೊದಲ ಸಲ ಬ್ರಶ್ ಹಿಡಿಯುವವರು ಯಾವ ಸಾಮಾನು, ಯಾವ ಪೇಂಟ್ ಆರಿಸಬೇಕು ಎಂಬುದು ಒಂದು. ಉಪ್ಪು ಉದುರುತ್ತಿರುವ ಆ ಒಂದು ಗೋಡೆಯನ್ನು ಏನು ಮಾಡಬೇಕು ಎಂಬುದು ಇನ್ನೊಂದು. ಅಂಗಡಿಯವರು ಇವೆರಡಕ್ಕೂ ಒಂದೇ ಬಿಲ್ಲಿನಲ್ಲಿ ಉತ್ತರ ಕೊಟ್ಟಿದ್ದಾರೆ. ಅವುಗಳನ್ನು ಬಿಡಿಸಿ ನೋಡಿದರೆ, ನಿಮ್ಮ ಮನೆಯ ಮುಕ್ಕಾಲು ಪಾಲು ಕೆಲಸವನ್ನು ನೀವೂ ನಿಮ್ಮ ಮಗನೂ ಧೈರ್ಯವಾಗಿ ಮಾಡಬಹುದು ಮತ್ತು ಉಳಿದ ಕಾಲು ಪಾಲನ್ನು ಈ ಮಳೆಗಾಲಕ್ಕೆ ಮೊದಲು ಯಾರೂ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಗೋಡೆಯ ವಿಷಯ. ಇಟ್ಟಿಗೆ, ಮರಳು, ಸಿಮೆಂಟು ಇವುಗಳಲ್ಲಿ ಕರಗುವ ಲವಣಗಳು ಇದ್ದೇ ಇರುತ್ತವೆ. ಗೋಡೆಯೊಳಗೆ ಇಳಿದ ನೀರು ಅವುಗಳನ್ನು ಕರಗಿಸಿಕೊಂಡು ಒಳಮೈಗೆ ಬರುತ್ತದೆ. ನೀರು ಆವಿಯಾಗಿ ಹೋದಾಗ ಉಪ್ಪು ಅಲ್ಲಿಯೇ ಹರಳುಗಟ್ಟಿ, ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ. ಹಕ್ಕಳೆ ಏಳುವುದು ಹೀಗೆ. ಇಲ್ಲಿಯ ಪೇಂಟರುಗಳು ಇದನ್ನು ಲೋಣಾ ಎನ್ನುತ್ತಾರೆ. ಅಂದರೆ ತಪ್ಪು ಬಣ್ಣದ್ದಲ್ಲ. ಬಣ್ಣವನ್ನು ಹಿಂದಿನಿಂದ ನೂಕುತ್ತಿರುವ ನೀರಿನದು. ನೀರು ಬರುವ ದಾರಿ ಮುಚ್ಚದೆ ಎಷ್ಟೇ ದುಬಾರಿಯ ಪೇಂಟ್ ಬಳಿದರೂ ಅದು ಹಿಂದಿನದರಂತೆಯೇ ಕಳಚುತ್ತದೆ, ದುಬಾರಿಯದಾದ್ದರಿಂದ ಕಳಚಿದಾಗ ಹೆಚ್ಚು ನೋವಾಗುತ್ತದೆ ಅಷ್ಟೆ.

ಮುಂಬಯಿ ಸುತ್ತಿನ ಮಳೆ ನೈರುತ್ಯದ ಗಾಳಿಯೊಂದಿಗೆ ಬರುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳೇ ಹೆಚ್ಚು ತೋಯುತ್ತವೆ. ನಿಮ್ಮ ಗೋಡೆಯಲ್ಲಿ ತೊಂದರೆ ಕಿಟಕಿಯ ಕೆಳಗೇ ಇದೆ ಎಂದು ಬರೆದಿರುವುದರಿಂದ ನನ್ನ ಮೊದಲ ಅನುಮಾನ ಕಿಟಕಿಯ ಮೇಲೆಯೇ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯಾಗಿದ್ದರೆ ಕೆಳಗಿನ ಹಳಿಯಲ್ಲಿ ನೀರು ಹೊರಹೋಗಲೆಂದು ಚಿಕ್ಕ ತೂತುಗಳಿರುತ್ತವೆ. ಏಳು ವರ್ಷದ ಧೂಳು, ಪಾರಿವಾಳದ ಪುಕ್ಕ ಸೇರಿ ಅವು ಮುಚ್ಚಿದರೆ ನೀರು ಹಳಿಯಲ್ಲಿ ನಿಂತು ಒಳಗಿನ ಗೋಡೆಗೆ ಇಳಿಯುತ್ತದೆ. ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ತುಂಬಿದ ಸೀಲೆಂಟ್ ಬಿರುಕು ಬಿಟ್ಟಿದ್ದರೂ, ಕಿಟಕಿಯ ಹೊರಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರದೆ ಒಳಕ್ಕೆ ವಾಲಿದ್ದರೂ ಪರಿಣಾಮ ಅದೇ. ಒಂದು ತಂತಿಯಿಂದ ಆ ತೂತುಗಳನ್ನು ಬಿಡಿಸಿ, ಹಳಿಗೆ ಎರಡು ಚೊಂಬು ನೀರು ಹೊಯ್ದು ಅದು ಎತ್ತ ಹೋಗುತ್ತದೆಂದು ನೋಡಿ. ನೂರು ರೂಪಾಯಿಯೂ ಖರ್ಚಿಲ್ಲದ ಈ ಕೆಲಸದಿಂದ ಗೋಡೆ ಒಣಗಿದ ಮನೆಗಳನ್ನು ನಾನು ಕಂಡಿದ್ದೇನೆ.

ಇನ್ನೊಂದು ಪರೀಕ್ಷೆಯೂ ಇದೆ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಗೋಡೆಯ ಕಡೆಗಿನ ಮೈಯಲ್ಲಿ ಹನಿ ಕಟ್ಟಿದರೆ ಪಸೆ ಗೋಡೆಯೊಳಗಿನದು. ಕೋಣೆಯ ಕಡೆಗಿನ ಮೈಯಲ್ಲಿ ಕಟ್ಟಿದರೆ ಅದು ಗಾಳಿಯ ತೇವ. ಆದರೆ ಮೇ ತಿಂಗಳಲ್ಲಿ ಈ ಹಾಳೆ ಒಣಗಿಯೇ ಇದ್ದರೆ ಗೋಡೆಗೆ ಗುಣವಾಯಿತೆಂದು ಭಾವಿಸಬೇಡಿ. ಬೇಸಿಗೆಯಲ್ಲಿ ಒಣಗಿದ ಗೋಡೆ ಜುಲೈಯಲ್ಲಿ ಏನು ಮಾಡುತ್ತದೆಂಬುದಕ್ಕೆ ಈಗ ಉದುರುತ್ತಿರುವ ಉಪ್ಪೇ ಸಾಕ್ಷಿ.

ನೀರು ಕಿಟಕಿಯಿಂದಲ್ಲ, ಹೊರಗೋಡೆಯ ಬಿರುಕಿನಿಂದ ಅಥವಾ ಹೊರಗಿನ ಪೈಪಿನಿಂದ ಬರುತ್ತಿದೆ ಎಂದಾದರೆ, ಆ ದುರಸ್ತಿಯನ್ನು ನೀವು ನಿಮ್ಮ ಕೈಯಿಂದ ಮಾಡಿಸಬೇಕಾಗಿಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಮಳೆನೀರಿನ ಸೋರಿಕೆ ಮತ್ತು ಹೊರಗಿನ ಸಾಮಾನ್ಯ ಪೈಪುಗಳ ಸೋರಿಕೆಯನ್ನು ಸರಿಪಡಿಸುವುದು ಸೊಸೈಟಿಯ ಖರ್ಚಿನ ಕೆಲಸ. ಸೆಕ್ರೆಟರಿಯವರಿಗೆ ಲಿಖಿತವಾಗಿ, ಫೋಟೋ ಸಮೇತ ಪತ್ರ ಕೊಟ್ಟು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಜೂನ್‌ಗೆ ಮೊದಲು ಕೊಟ್ಟರೆ ಮಾತ್ರ ಈ ವರ್ಷ ಏನಾದರೂ ಆಗುವ ಸಾಧ್ಯತೆಯಿದೆ.

ಈಗ ವಾಟರ್‌ಪ್ರೂಫ್ ಡಬ್ಬಿಯ ಮಾತು. ಅದು ಮೋಸದ ಸರಕಲ್ಲ, ಆದರೆ ಅದರ ಜಾಗ ನೀರು ಬೀಳುವ ಹೊರಮೈ. ಹೊರಗಿನಿಂದ ನೀರು ಬರುತ್ತಲೇ ಇರುವಾಗ ಒಳಗಿನಿಂದ ಅದನ್ನು ಬಳಿದರೆ ನೀರು ನಿಲ್ಲುವುದಿಲ್ಲ, ದಾರಿ ಬದಲಿಸುತ್ತದೆ. ಮುಂದಿನ ವರ್ಷ ಅದೇ ಕಲೆ ಎರಡಡಿ ಪಕ್ಕಕ್ಕೆ ಅಥವಾ ಮೇಲಕ್ಕೆ ಸರಿದಿರುತ್ತದೆ. ಪೇಂಟಿಂಗ್ ಕೆಲಸಕ್ಕಿಳಿದ ಮೊದಲ ವರ್ಷಗಳಲ್ಲಿ ಮುಂಬಯಿಯ ಮುಲುಂಡಿನ ಒಂದು ಮನೆಯಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಆಗಸ್ಟ್ ತಿಂಗಳು, ಗಣಪತಿಗೆ ಹನ್ನೆರಡು ದಿನ ಬಾಕಿ, ಮನೆಯವರ ಅವಸರ, ನನಗೂ ಕೆಲಸ ಬಿಡಲಾರದ ಆಸೆ. ಹಬ್ಬದ ದಿನ ಗೋಡೆ ಕನ್ನಡಿಯಂತಿತ್ತು. ದಸರೆಗೆ ಅವರು ಫೋನ್ ಮಾಡಿದಾಗ ಬಣ್ಣ ಬಲೂನಿನಂತೆ ಊದಿಕೊಂಡಿತ್ತು, ಬೆರಳಿನಿಂದ ಒತ್ತಿದರೆ ಒಳಗೆ ನೀರು ಅಲುಗಾಡುತ್ತಿತ್ತು. ಆ ಗೋಡೆಯನ್ನು ನಾನು ನನ್ನ ಕೈಯಿಂದ ಹಣ ಹಾಕಿ ಡಿಸೆಂಬರಿನಲ್ಲಿ ಮತ್ತೆ ಮಾಡಿಕೊಟ್ಟೆ.

ಅತ್ತೆಯವರ ಆಯಿಲ್ ಪೇಂಟಿನ ಸಲಹೆಗೂ ಇದೇ ಉತ್ತರ. ಅವರ ಮಾತಿನಲ್ಲಿ ಅನುಭವ ಇಲ್ಲದಿಲ್ಲ. ಒಣಗಿದ ಗೋಡೆಯ ಮೇಲೆ ಆಯಿಲ್ ಪೇಂಟ್ ಗಟ್ಟಿಯಾಗಿ ನಿಲ್ಲುತ್ತದೆ, ಒರೆಸಿದರೆ ಕಲೆ ಹೋಗುತ್ತದೆ. ಆದರೆ ಅದು ಆವಿಯನ್ನು ಹೊರಬಿಡದ ಬಿಗಿಯಾದ ಪೊರೆ, ಪಸೆಯ ಗೋಡೆಯ ಮೇಲೆ ಅದೇ ಮೊದಲು ಗುಳ್ಳೆ ಏಳುವುದು. ಜೊತೆಗೆ ಅದರ ಟರ್ಪೆಂಟೈನ್ ವಾಸನೆ ದಿನಗಟ್ಟಲೆ ಉಳಿಯುವುದರಿಂದ ದಮ್ಮಿರುವವರ ಮನೆಗೆ ಅದು ಬೇಡ. ಊರಿನ ಮನೆಗಳಲ್ಲಿ ಚೌತಿಗೆ ಮುಂಚೆ ಸುಣ್ಣ ಬಳಿದರೂ ಗೋಡೆ ಕೆಡುತ್ತಿರಲಿಲ್ಲವಲ್ಲ ಎಂದು ಅವರು ಕೇಳಬಹುದು. ಸುಣ್ಣ ಉಸಿರಾಡುವ ಬಳಿತ. ಗೋಡೆಯ ಪಸೆ ಅದರ ಮೂಲಕವೇ ಹೊರಟುಹೋಗುತ್ತದೆ, ಅದರ ಕ್ಷಾರಗುಣದಿಂದ ಬೂಷ್ಟು ಹಿಡಿಯುವುದೂ ಕಡಿಮೆ. ಇಂದಿನ ಪ್ಲಾಸ್ಟಿಕ್ ಪೇಂಟಿಗೆ, ಅಂದರೆ ಇಮಲ್ಶನ್‌ಗೆ, ಅಷ್ಟು ಉದಾರತೆಯಿಲ್ಲ.

ಅಂಗಡಿಯ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ವಾಟರ್‌ಪ್ರೂಫ್ ಡಬ್ಬಿಯಲ್ಲ, ಆ 40 ಕಿಲೋದ ಪುಟ್ಟಿ ಚೀಲ. ಪುಟ್ಟಿ ಎಂದರೆ ಬಣ್ಣಕ್ಕೆ ಮೊದಲು ಗೋಡೆಯ ತೂತು, ಬಿರುಕು ತುಂಬಿ ಮೈ ಸಮಮಾಡುವ ಲೇಪ. ಚೀಲದಲ್ಲಿ ಪುಡಿಯಾಗಿ ಬರುವುದು ಸಾಮಾನ್ಯವಾಗಿ ಬಿಳಿ ಸಿಮೆಂಟಿನ ಪುಟ್ಟಿ. ಅದು ನೀರು ಚಿಮುಕಿಸಿದ ಬರಿಯ ಪ್ಲಾಸ್ಟರಿನ ಮೇಲೆ ಹಿಡಿಯುವ ವಸ್ತು. ಹಳೆಯ ಬಣ್ಣದ ನುಣುಪಾದ ಮೈಗೆ ಅದು ಕಚ್ಚಿಕೊಳ್ಳುವುದಿಲ್ಲ. ಹಳೆಯ ಇಮಲ್ಶನ್ ಮೇಲೆ ಅದನ್ನು ಎಳೆದರೆ ಆರು ತಿಂಗಳಲ್ಲಿ ತಟ್ಟೆಯಂತೆ ಎದ್ದು ಬರುವುದನ್ನು ಕಾಣಬಹುದು, ಆಗ ಮನೆಯವರು ಪೇಂಟ್ ಕಂಪನಿಯನ್ನು ಬೈಯುತ್ತಾರೆ. ಡಬ್ಬಿಯಲ್ಲಿ ಹಿಟ್ಟಿನ ಮುದ್ದೆಯಂತೆ ಸಿದ್ಧವಾಗಿ ಬರುವ ಅಕ್ರಿಲಿಕ್ ಪುಟ್ಟಿ, ಇಲ್ಲಿಯ ಪೇಂಟರುಗಳು ಲಾಂಬಿ ಎನ್ನುವ ಬಗೆಯದು, ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳದ ಪದರ, ಬಳಿದ ಹಳೆಯ ಗೋಡೆಗೆ ಸರಿಹೊಂದುತ್ತದೆ. ನಿಮ್ಮ ಉಳಿದ ಗೋಡೆಗಳು ಚೆನ್ನಾಗಿರುವುದರಿಂದ ಇಡೀ ಗೋಡೆಗೆ ಪುಟ್ಟಿ ಬೇಕಾಗಿಯೇ ಇಲ್ಲ. ಮೊಳೆಯ ತೂತು, ಕೂದಲೆಳೆಯ ಬಿರುಕು, ಸೋಫಾ ತಾಗಿದ ಗುರುತು ಇಂಥವನ್ನು ತುಂಬಲು ಒಂದು ಕೋಣೆಗೆ ಎರಡು ಮೂರು ಕಿಲೋ ಸಾಕು. ಇಡೀ ಗೋಡೆಗೆ ಪುಟ್ಟಿ ಎಳೆದು ಸಮಮಾಡುವುದು ಮೊದಲ ಸಲದವರ ಕೈಗೆ ಬರುವ ಕಲೆಯೂ ಅಲ್ಲ. ಬಣ್ಣ ಬಳಿಯುವುದು ಒಂದು ದಿನದಲ್ಲಿ ಹಿಡಿತಕ್ಕೆ ಸಿಕ್ಕರೆ ಪುಟ್ಟಿ ಎಳೆಯುವ ತಗಡಿನ ಪಟ್ಟಿ ಹಿಡಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಹೀಗಿರುವಾಗ ನಿಮ್ಮ ಮುಂದಿರುವ ದಾರಿಗಳು ಇವು. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಹಿಂದಿರುಗುವ ವಾಡಿಕೆಯ ದಿನ ಅಕ್ಟೋಬರ್ 8. ಈಗಿನಿಂದ ಜೂನ್ ಮೊದಲ ವಾರದವರೆಗೆ ಸಿಗುವ ಒಣ ದಿನಗಳಲ್ಲಿ ಬೆಡ್‌ರೂಮ್ ಪೂರ್ತಿ ಮಾಡಿ, ಹಾಲ್ ಅನ್ನು ದೀಪಾವಳಿಯ ನಂತರಕ್ಕೆ ಇಡುವುದು ಒಂದು. ಇದರಲ್ಲಿ ಅಪಾಯವೇನೂ ಇಲ್ಲ, ಕಲಿಕೆಯ ತಪ್ಪುಗಳೂ ಅತಿಥಿಗಳು ಕಾಣದ ಕೋಣೆಯಲ್ಲಿ ಆಗಿಹೋಗುತ್ತವೆ. ಆದರೆ ಗಣಪತಿ ಕೂರುವುದು ಹಾಲ್‌ನಲ್ಲಿ, ಹಾಗಾಗಿ ನಿಮ್ಮ ಆಸೆ ತೀರುವುದಿಲ್ಲ. ಎರಡನೆಯದು, ಬೆಡ್‌ರೂಮಿನ ಜೊತೆಗೆ ಹಾಲ್‌ನ ಮೂರು ಒಳಗೋಡೆಗಳನ್ನೂ ಮಳೆಗೆ ಮೊದಲೇ ಮುಗಿಸಿ, ಪಶ್ಚಿಮದ ಗೋಡೆಯಲ್ಲಿ ಸಡಿಲಾದದ್ದನ್ನೆಲ್ಲ ಹೆರೆದು, ಉಪ್ಪನ್ನು ಗುಡಿಸಿ, ಹಾಗೆಯೇ ಉಸಿರಾಡಲು ಬಿಡುವುದು. ಗಣಪತಿಯ ಮಖರವನ್ನು, ಅಂದರೆ ಅಲಂಕಾರದ ಮಂಟಪವನ್ನು, ಆ ಗೋಡೆಯ ಮುಂದೆಯೇ ಕಟ್ಟಿದರೆ ಯಾರಿಗೂ ಕಾಣದು. ಹಿಂದಿನ ಪರದೆಯನ್ನು ಮಾತ್ರ ಗೋಡೆಗೆ ಅಂಟಿಸದೆ ಗಾಳಿಯಾಡಲು ಅರ್ಧ ಅಡಿ ಬಿಡಿ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಮಾಡುತ್ತಿದ್ದೆ. ಇದರ ಒಂದು ತೊಡಕೆಂದರೆ ಡಿಸೆಂಬರಿನಲ್ಲಿ ಬಳಿಯುವ ಗೋಡೆಯ ಬಣ್ಣ ಉಳಿದವುಗಳಿಗಿಂತ ಕೂದಲೆಳೆಯಷ್ಟು ಬೇರೆಯಾಗಬಹುದು. ಈಗಲೇ ಅದೇ ಬ್ಯಾಚಿನ ಡಬ್ಬಿಯೊಂದನ್ನು ಕೊಂಡು ಮುಚ್ಚಳ ತೆರೆಯದೆ ನೆರಳಿನಲ್ಲಿಟ್ಟರೆ ಆ ಚಿಂತೆ ಬಹುಪಾಲು ತೀರುತ್ತದೆ, ಅಲ್ಲದೆ ಮೂಲೆಯಲ್ಲಿ ಕೂಡುವ ಎರಡು ಗೋಡೆಗಳ ಮೇಲೆ ಬೆಳಕು ಬೇರೆ ಬೇರೆಯಾಗಿಯೇ ಬೀಳುವುದರಿಂದ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಮೂರನೆಯದು, ಎಲ್ಲರೂ ಮಾಡುವಂತೆ ಜುಲೈ ಆಗಸ್ಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಮುಗಿಸುವುದು. ಅದರ ಫಲವನ್ನು ಮುಲುಂಡಿನ ಕಥೆಯಲ್ಲಿ ಹೇಳಿದ್ದೇನೆ. ಇವುಗಳ ಜೊತೆಗೆ, ಸೀಲಿಂಗ್ ಒಂದನ್ನು ದಿನಗೂಲಿಯ ಪೇಂಟರಿಂದ ಮಾಡಿಸಿಕೊಂಡು ಗೋಡೆಗಳನ್ನು ನೀವು ಮಾಡುವುದು ಜಾಣತನ. ತಲೆ ಎತ್ತಿ ಕೈ ಮೇಲಿಟ್ಟು ಮಾಡುವ ಕೆಲಸ ಕತ್ತಿಗೂ ಕಣ್ಣಿಗೂ ಕಷ್ಟ, ಏಣಿಯಿಂದ ಬೀಳುವ ಹೊಸಬರು ಬೀಳುವುದೂ ಆಗಲೇ.

ಪೇಂಟಿನ ಆಯ್ಕೆಗೆ ಬರೋಣ. ಒಳಗೋಡೆಗೆ ಸಿಗುವುದು ಮುಖ್ಯವಾಗಿ ಡಿಸ್ಟೆಂಪರ್, ಇಮಲ್ಶನ್ ಮತ್ತು ಎಣ್ಣೆ ಆಧಾರದ ಲಸ್ಟರ್. ಡಿಸ್ಟೆಂಪರ್ ಅಗ್ಗ, ಆದರೆ ಮೂರು ನಾಲ್ಕು ವರ್ಷದಲ್ಲಿ ಕೈಗೆ ಪುಡಿ ಅಂಟತೊಡಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವೇ ಬರುತ್ತದೆ, ಮುಂದಿನ ಸಲ ಅದನ್ನೆಲ್ಲ ಹೆರೆಯದೆ ಬೇರೆ ಪೇಂಟ್ ನಿಲ್ಲುವುದಿಲ್ಲ. ಲಸ್ಟರ್ ಬೇಡವೆಂಬುದಕ್ಕೆ ಕಾರಣ ಆಗಲೇ ಬಂತು. ಇಮಲ್ಶನ್‌ನಲ್ಲಿ ಪ್ರತಿ ಕಂಪನಿಯದೂ ಮೂರು ಮೆಟ್ಟಿಲುಗಳಿವೆ: ಅಗ್ಗದ್ದು, ನಡುವಿನದು, ಮೇಲಿನದು. ನಿಮಗೆ ನಡುವಿನದು ಸರಿ. ಮೇಲಿನ ಮೆಟ್ಟಿಲಿನ ಹೊಳಪಿನ ಪೇಂಟ್ ಮೊದಲ ಸಲದವರ ಶತ್ರು, ಏಕೆಂದರೆ ಹೊಳಪು ಎಂದರೆ ಬೆಳಕನ್ನು ಎಸೆಯುವ ಮೈ. ಸಂಜೆಯ ಅಡ್ಡ ಬಿಸಿಲು ಬಿದ್ದಾಗ ಪುಟ್ಟಿಯ ಪ್ರತಿ ಗುರುತೂ, ರೋಲರ್ ನಿಂತ ಪ್ರತಿ ಜಾಗವೂ ಎದ್ದು ಕಾಣುತ್ತದೆ. ಮ್ಯಾಟ್ ಅಥವಾ ಅತಿ ಕಡಿಮೆ ಹೊಳಪಿನದು ಇವನ್ನೆಲ್ಲ ನುಂಗಿಕೊಳ್ಳುತ್ತದೆ. ಬಣ್ಣವೂ ತಿಳಿಯಾಗಿರಲಿ. ಕಡು ನೀಲಿ, ಕಡುಗೆಂಪುಗಳಿಗೆ ಎರಡರ ಬದಲು ಮೂರು ನಾಲ್ಕು ಕೋಟ್ ಬೇಕಾಗುತ್ತದೆ, ಆಮೇಲೆ ಒಂದೆಡೆ ಟಚ್‌ಅಪ್ ಮಾಡಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಶೇಡ್ ಕಾರ್ಡಿನ ಬೆರಳಗಲದ ತುಂಡು ನೋಡಿ ತೀರ್ಮಾನಿಸಬೇಡಿ. ಗೋಡೆಯಷ್ಟು ದೊಡ್ಡದಾದಾಗ ಅದೇ ಬಣ್ಣ ಗಾಢವಾಗಿ ತೋರುತ್ತದೆ, ಆದ್ದರಿಂದ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು ನನ್ನ ವಾಡಿಕೆ.

ಯಾವ ಕಂಪನಿ ಎಂದು ಕೇಳುವಿರಿ. ಹೆಸರಾದ ಕಂಪನಿಗಳ ಸಮಾನ ಮೆಟ್ಟಿಲಿನ ಪೇಂಟುಗಳ ನಡುವಿನ ವ್ಯತ್ಯಾಸ, ಒಂದೇ ಪೇಂಟನ್ನು ಚೆನ್ನಾಗಿ ತಿಕ್ಕಿದ ಮತ್ತು ತಿಕ್ಕದ ಗೋಡೆಗಳ ಮೇಲೆ ಬಳಿದಾಗಿನ ವ್ಯತ್ಯಾಸಕ್ಕಿಂತ ಬಹಳ ಕಡಿಮೆ. ಪೇಂಟರು ಹಣಕ್ಕೆ ಬದಲಾಯಿಸಿಕೊಳ್ಳಲೆಂದು ಡಬ್ಬಿಯೊಳಗೆ ಇಡುವ ಟೋಕನ್‌ಗಳ ಪದ್ಧತಿ ಈ ವ್ಯಾಪಾರದಲ್ಲಿ ಹಳೆಯದು, ಹಾಗಾಗಿ ಇಂಥದ್ದೇ ಬ್ರಾಂಡ್ ಎಂದು ಯಾರಾದರೂ ಬಹಳ ಒತ್ತಿ ಹೇಳಿದರೆ ಸ್ವಲ್ಪ ತಾಳಿ ಕೇಳಿ. ನೀವು ಗಮನಿಸಬೇಕಾದದ್ದು ಬೇರೆ. ಮನೆಬಳಕೆಯ ಪೇಂಟಿನಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದರ ಉಲ್ಲೇಖ, ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ ಇರಬೇಕು. ದಮ್ಮಿನವರು ಇರುವ ಮನೆಗೆ ಕಡಿಮೆ ವಿಓಸಿ (ಪೇಂಟಿನಿಂದ ಗಾಳಿಗೆ ಸೇರುವ ರಾಸಾಯನಿಕ ಆವಿ) ಎಂದು ನಮೂದಿಸಿದ್ದು ಉತ್ತಮ. ಆದರೆ ವಾಸನೆ ಬರುವುದಿಲ್ಲ ಎಂಬ ಜಾಹೀರಾತಿನ ಮಾತನ್ನು ನಂಬಿ ಅತ್ತೆಯವರನ್ನು ಅದೇ ಕೋಣೆಯಲ್ಲಿ ಮಲಗಿಸಬೇಡಿ. ಕೆಲಸದ ದಿನಗಳಲ್ಲೂ ಅನಂತರದ ಎರಡು ಮೂರು ದಿನಗಳಲ್ಲೂ ಅವರು ಸಂಬಂಧಿಕರ ಮನೆಯಲ್ಲಿರುವುದು ಲೇಸು. ಅವರಿಗೆ ತೊಂದರೆ ಕೊಡುವುದು ಪೇಂಟಿಗಿಂತ ಹೆಚ್ಚಾಗಿ ತಿಕ್ಕುವಾಗಿನ ಧೂಳು.

ಎಷ್ಟು ಬೇಕೆಂಬ ಲೆಕ್ಕ ಸುಲಭ. ನಿಮ್ಮ ಬೆಡ್‌ರೂಮ್ 10 ಅಡಿಗೆ 11 ಅಡಿ, ಎತ್ತರ 9 ಅಡಿ ಎಂದಿಟ್ಟುಕೊಳ್ಳಿ. ನಾಲ್ಕು ಗೋಡೆಗಳ ಸುತ್ತಳತೆ 42 ಅಡಿ. ಎತ್ತರದಿಂದ ಗುಣಿಸಿದರೆ 378 ಚದರಡಿ. ಬಾಗಿಲು, ಕಿಟಕಿಗೆ ಸುಮಾರು 40 ಕಳೆದರೆ 340ರ ಆಸುಪಾಸು. ನಡುವಿನ ಮೆಟ್ಟಿಲಿನ ಇಮಲ್ಶನ್ ಎರಡು ಕೋಟ್ ಬಳಿದಾಗ ಲೀಟರಿಗೆ 70 ಚದರಡಿಯಷ್ಟು ಹೋಗುತ್ತದೆಂದು ಹಿಡಿದರೆ 5 ಲೀಟರ್. 4 ಲೀಟರಿನ ಒಂದು, 1 ಲೀಟರಿನ ಒಂದು ಡಬ್ಬಿ. ನೀರಿನ ಆಧಾರದ ಪ್ರೈಮರ್ ಒಂದು ಕೋಟ್ ಬಳಿಯಲು 3 ಲೀಟರ್ ಸಾಕು. ಮಶೀನಿನಲ್ಲಿ ಬೆರೆಸಿದ ಶೇಡ್ ಆದರೆ ಎರಡೂ ಡಬ್ಬಿಗಳನ್ನು ಒಂದು ದೊಡ್ಡ ಬಕೆಟಿಗೆ ಸುರಿದು ಒಂದುಮಾಡಿಕೊಂಡೇ ಶುರು ಮಾಡಿ, ಇಲ್ಲದಿದ್ದರೆ ಗೋಡೆಯ ನಡುವೆ ಡಬ್ಬಿ ಬದಲಾದದ್ದು ಕಾಣುತ್ತದೆ. ಡಿಸೆಂಬರಿಗೆಂದು ತೆಗೆದಿಟ್ಟ ಡಬ್ಬಿ ಮಾತ್ರ ಇದಕ್ಕೆ ಸೇರದು. ನೀರು ಬೆರೆಸುವ ಪ್ರಮಾಣ ಪ್ರತಿ ಪೇಂಟಿಗೂ ಬೇರೆ. ಡಬ್ಬಿಯ ಹಿಂದೆ ಬರೆದಷ್ಟೇ ಹಾಕಿ, ಅಳತೆಯ ಮಗ್ಗಿನಿಂದಲೇ ಹಾಕಿ. ಹೆಚ್ಚು ನೀರು ಹಾಕಿದರೆ ಉಳಿತಾಯವೆಂಬುದು ಹೊಸಬರಷ್ಟೇ ಅಲ್ಲ, ಹಳಬರೂ ಮಾಡುವ ತಪ್ಪು. ತೆಳುವಾದ ಪೇಂಟ್ ಹರಡುತ್ತದೆ, ಮುಚ್ಚುವುದಿಲ್ಲ. ಕೊನೆಗೆ ಮೂರನೇ ಕೋಟ್ ಬೇಕಾಗಿ ಲೆಕ್ಕ ಮೊದಲಿನಲ್ಲಿಗೇ ಬರುತ್ತದೆ.

ಸಾಮಾನಿನ ವಿಷಯದಲ್ಲಿ, ಸ್ಪ್ರೇ ಮಶೀನಿನ ಆಸೆಯನ್ನು ನಿಮ್ಮ ಮಗ ಬಿಡಲಿ. ಸಾಮಾನು ತುಂಬಿದ, ಜನ ವಾಸವಿರುವ ಮನೆಯಲ್ಲಿ ಅದರ ತುಂತುರು ಫ್ಯಾನಿನಿಂದ ಫ್ರಿಜ್ಜಿನವರೆಗೆ ಎಲ್ಲವನ್ನೂ ಹುಡುಕಿಕೊಂಡು ಹೋಗುತ್ತದೆ. ಮುಚ್ಚುವ ಕೆಲಸಕ್ಕೆ ಹಿಡಿಯುವ ಸಮಯದಲ್ಲಿ ರೋಲರ್ ಕೋಣೆಯನ್ನೇ ಮುಗಿಸಿರುತ್ತದೆ. ಆ ಹಣದ ಒಂದು ಪಾಲಿನಲ್ಲಿ ಒಳ್ಳೆಯ ಸಾಮಾನು ಬರುತ್ತದೆ, ಅದಕ್ಕಾಗಿ ಮುಂಬಯಿಯ ಹಾರ್ಡ್‌ವೇರ್ ಪೇಟೆಯಾದ ನಾಗದೇವಿ ಸ್ಟ್ರೀಟಿನವರೆಗೆ ಹೋಗಬೇಕಾಗಿಯೂ ಇಲ್ಲ. ಗೋಡೆಗೆ 9 ಇಂಚಿನ ರೋಲರ್, ಮೈಕ್ರೋಫೈಬರಿನದು, ಕೂದಲಿನ ಉದ್ದ 10ರಿಂದ 12 ಮಿಲಿಮೀಟರ್. ಸ್ಪಂಜಿನ ರೋಲರ್ ಅಗ್ಗವಾದರೂ ಗುಳ್ಳೆ ಬಿಡುತ್ತದೆ. ಬಾಗಿಲ ಸಂದಿ, ಪೈಪಿನ ಹಿಂಬದಿಗೆ 4 ಇಂಚಿನ ಚಿಕ್ಕ ರೋಲರ್. ಅಂಚು ಬಿಡಿಸಲು, ಅಂದರೆ ಕಟಿಂಗ್ ಮಾಡಲು, 2 ಇಂಚಿನ ಒಂದು ಬ್ರಶ್. ಹಣ ಖರ್ಚು ಮಾಡಬೇಕಾದ ಜಾಗ ಈ ಬ್ರಶ್. ಕೂದಲು ಉದುರಿಸುವ ಅಗ್ಗದ ಬ್ರಶ್ಶಿನ ಕೂದಲನ್ನು ಒದ್ದೆ ಗೋಡೆಯಿಂದ ಉಗುರಿನಲ್ಲಿ ಕೀಳುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಹೆರೆಯಲು ಮತ್ತು ಪುಟ್ಟಿ ತುಂಬಲು ಎರಡು ಪಟ್ಟಿಗಳು, 120 ಮತ್ತು 220 ನಂಬರಿನ ಪಾಲಿಶ್ ಪೇಪರ್, ಮಾಸ್ಕಿಂಗ್ ಟೇಪ್, ಟ್ರೇ, ಹಳೆಯ ಚಾದರ ಮತ್ತು ಪ್ಲಾಸ್ಟಿಕ್, ಎನ್95 ಮುಖಗವಸು. ರೋಲರಿಗೆ ಸಿಕ್ಕಿಸುವ ಉದ್ದನೆಯ ಕೋಲು ಇದ್ದರೆ ಏಣಿ ಹತ್ತುವುದೇ ಅರ್ಧ ಕಡಿಮೆಯಾಗುತ್ತದೆ. ಇಲ್ಲಿಯವರು ಘೋಡಾ ಎನ್ನುವ ಮರದ ಏಣಿ ಸೊಸೈಟಿಯಲ್ಲಿದ್ದರೆ ಕೇಳಿ ತನ್ನಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಲ್ಲಬೇಡಿ.

ಗೋಡೆ ಮುಟ್ಟುವ ಮೊದಲು ಅದರ ಮೇಲಿರುವುದು ಯಾವ ಬಣ್ಣವೆಂದು ತಿಳಿಯಬೇಕು. ಕಪ್ಪು ಬಟ್ಟೆಯಿಂದ ಉಜ್ಜಿದಾಗ ಪುಡಿ ಬಂದರೆ ಡಿಸ್ಟೆಂಪರ್, ಅದನ್ನು ಒದ್ದೆ ಮಾಡಿ ಹೆರೆಯಲೇಬೇಕು. ಪುಡಿ ಬರದಿದ್ದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒಂದು ಮೂಲೆಯಲ್ಲಿ ಉಜ್ಜಿ. ಮೆತ್ತಗಾಗಿ ಹತ್ತಿಗೆ ಬಣ್ಣ ಅಂಟಿದರೆ ಇಮಲ್ಶನ್, ಅಲುಗದಿದ್ದರೆ ಎಣ್ಣೆಯ ಪೇಂಟ್. ಇಮಲ್ಶನ್ ಆಗಿದ್ದರೆ ತೊಳೆದು, ಒಣಗಿಸಿ, 120ರ ಪೇಪರಿನಿಂದ ಹಗುರಾಗಿ ತಿಕ್ಕಿ, ತೇಪೆಗಳಿಗೆ ಪ್ರೈಮರ್ ಮತ್ತು ಪುಟ್ಟಿ ಹಾಕಿ, 220ರಿಂದ ನಯ ಮಾಡಿ, ಆಮೇಲೆ ಇಡೀ ಗೋಡೆಗೆ ಪ್ರೈಮರ್. ಬಾಗಿಲು, ಕಿಟಕಿಯ ಗ್ರಿಲ್ಲುಗಳ ಹಳೆಯ ಆಯಿಲ್ ಪೇಂಟನ್ನು ಮಾತ್ರ ಒಣದಾಗಿ ತಿಕ್ಕಬೇಡಿ. ನಿಮ್ಮ ಕಟ್ಟಡ 1996ರದು. ಅಂದಿನ ಎನಾಮಲ್‌ಗಳಲ್ಲಿ ಸೀಸ ಇದ್ದಿರುವ ಸಾಧ್ಯತೆಯಿದೆ ಮತ್ತು ಆ ಧೂಳು ಮಕ್ಕಳಿಗೂ ಗರ್ಭಿಣಿಯರಿಗೂ ವಿಷ. ಪದರ ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡಿ, ತಿಕ್ಕಲೇಬೇಕಾದರೆ ನೀರು ಹಚ್ಚಿ ತಿಕ್ಕಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಪಶ್ಚಿಮದ ಗೋಡೆಯ ಉಪ್ಪಿನ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಕ್ರಮ: ಅದನ್ನು ಒಣ ಬ್ರಶ್ಶಿನಿಂದಲೇ ಗುಡಿಸಬೇಕು, ನೀರು ಹಾಕಿದರೆ ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ.

ಬಳಿಯುವ ದಿನ ಮೇನ್ ಸ್ವಿಚ್ಚಿನಲ್ಲಿ ಆ ಕೋಣೆಯ ಎಂಸಿಬಿ, ಅಂದರೆ ವಿದ್ಯುತ್ ಕಡಿಯುವ ಸ್ವಿಚ್, ಇಳಿಸಿ, ಸ್ವಿಚ್‌ಬೋರ್ಡಿನ ಮುಖಫಲಕ ಬಿಚ್ಚಿ ಟೇಪ್ ಸುತ್ತಿ. ಹೊಸ ರೋಲರಿನ ಸಡಿಲ ಕೂದಲನ್ನು ಟೇಪ್ ಅಂಟಿಸಿ ಕಿತ್ತು ತೆಗೆಯಿರಿ. ನಿಮ್ಮಲ್ಲಿ ಇಬ್ಬರಿರುವುದು ಅನುಕೂಲ: ಒಬ್ಬರು ಅಂಚು ಬಿಡಿಸುತ್ತ ಹೋದರೆ ಅದು ಒಣಗುವ ಮೊದಲೇ ಇನ್ನೊಬ್ಬರು ರೋಲರ್ ಎಳೆಯುತ್ತ ಬರಬೇಕು, ಆಗ ಅಂಚಿನ ಗೆರೆ ಚೌಕಟ್ಟಿನಂತೆ ಉಳಿಯುವುದಿಲ್ಲ. ಒಂದು ಗೋಡೆ ಶುರು ಮಾಡಿದರೆ ಅದು ಮುಗಿಯುವವರೆಗೆ ಚಹಾಕ್ಕೂ ನಿಲ್ಲಬೇಡಿ. ಒಣಗುತ್ತಿರುವ ಜಾಗಕ್ಕೆ ‘ಇಲ್ಲಿ ಸ್ವಲ್ಪ ಬಿಟ್ಟುಹೋಗಿದೆ’ ಎಂದು ಮರಳಿ ಹೋಗುವ ಚಪಲವನ್ನು ತಡೆದುಕೊಳ್ಳಿ. ಎರಡನೇ ಕೋಟ್ ಇರುವುದೇ ಅದಕ್ಕಾಗಿ. ಕೋಟುಗಳ ನಡುವೆ ಒಣ ದಿನದಲ್ಲಿ ನಾಲ್ಕು ಗಂಟೆ, ಮೋಡ ಕವಿದ ದಿನದಲ್ಲಿ ಒಂದು ರಾತ್ರಿ ಬಿಡಬೇಕು. ಆ ಹೊತ್ತಿನಲ್ಲಿ ರೋಲರನ್ನು ತೊಳೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಸಾಕು. ಮಾಸ್ಕಿಂಗ್ ಟೇಪನ್ನು ಎರಡನೇ ಕೋಟ್ ಪೂರ್ತಿ ಒಣಗುವ ಮೊದಲೇ ಕಿತ್ತರೆ ಅಂಚು ಹರಿಯುವುದಿಲ್ಲ. ಮುಗಿದ ಗೋಡೆಯನ್ನು ಎರಡು ಮೂರು ವಾರ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮುಟ್ಟಿದರೆ ಒಣಗಿದಂತಿದ್ದರೂ ಪೇಂಟ್ ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ.

ಡಿಸೆಂಬರಿನಲ್ಲಿ ಪಶ್ಚಿಮದ ಗೋಡೆಗೆ ಕೈ ಹಾಕುವಾಗ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೆ ಮಾಡಿ. ಪ್ಲಾಸ್ಟರ್ ಟೊಳ್ಳಾಗಿ ಸದ್ದು ಮಾಡುವ ಜಾಗಗಳನ್ನು ಕಡಿದು ಹೊಸ ಪ್ಲಾಸ್ಟರ್ ಹಾಕಿಸಿದರೆ ಅದಕ್ಕೆ ಕನಿಷ್ಠ 28 ದಿನ ಸಮಯ ಕೊಡಬೇಕು, ಏಕೆಂದರೆ ಹೊಸ ಸಿಮೆಂಟಿನ ಕ್ಷಾರ ಬಣ್ಣವನ್ನು ಕೆಡಿಸುತ್ತದೆ. 40 ಕಿಲೋದ ಚೀಲದ ಪುಟ್ಟಿಗೆ ಅರ್ಹವಾದ ಜಾಗ ನಿಮ್ಮ ಮನೆಯಲ್ಲಿ ಅದೊಂದೇ, ಅದಕ್ಕೂ 5 ಕಿಲೋದ ಚೀಲ ಸಾಕಾಗಬಹುದು. ಅಂಗಡಿಯಿಂದ ದೊಡ್ಡ ಚೀಲ ಈಗಾಗಲೇ ಮನೆಗೆ ಬಂದಿದ್ದರೆ ಬಾಯಿ ಬಿಚ್ಚದೆ ಮರಳಿಸಿ. ಮಳೆಗಾಲದ ಗಾಳಿಯಲ್ಲಿ ಅದು ದೀಪಾವಳಿಯ ಹೊತ್ತಿಗೆ ಕಲ್ಲಾಗಿರುತ್ತದೆ.